ನಾನು ಉಡಿಸಿದ ಹಸಿರು ಸೀರೆ

ಕಳೆದ ಭಾನುವಾರ ಒಂದು ಖಾಲಿ ಚೌಕ ನನ್ನನ್ನು ಬಹಳ ಹೊತ್ತು ಸುಮ್ಮನೆ ಕೂರಿಸಿಬಿಟ್ಟಿತು. ಚೌಕ ಇದ್ದದ್ದು ಲ್ಯಾಪ್‌ಟಾಪಿನ ಪರದೆಯ ಮೇಲೆ. ನನ್ನ ತಂಗಿಯ ಮಗಳು ಸೌಮ್ಯ ಹೊಸೂರಿನಲ್ಲಿ ಟೀಚರ್. ಮಕ್ಕಳು ಮೊಬೈಲಿನಲ್ಲೇ ತೆರೆದು ಓದಿಕೊಳ್ಳುವಂಥ ಪಾಠಗಳನ್ನು ಈಚೆಗೆ ಅವಳು ತಯಾರಿಸುತ್ತಾಳೆ. ಪಾಠದ ನಡುವೆ ಒಂದು ಚಿತ್ರ ಹಾಕಿದರೆ ಸಾಕು, ಅದರ ಕೆಳಗೆ ಈ ಚೌಕ ತೆರೆದುಕೊಳ್ಳುತ್ತದೆ. ಚಿತ್ರದಲ್ಲಿ ಏನಿದೆಯೆಂದು ಅಲ್ಲಿ ಬರೆಯಬೇಕಂತೆ. ಬರೆದದ್ದನ್ನು ಕಣ್ಣು ಕಾಣದ ಮಕ್ಕಳಿಗೆ ಮೊಬೈಲೇ ಓದಿ ಹೇಳುತ್ತದಂತೆ. ಬರೆಯದೆ ಬಿಟ್ಟರೆ ಪಾಠ ಮುಂದಕ್ಕೇ ಹೋಗುವುದಿಲ್ಲ.

"ದೊಡ್ಡಮ್ಮ, ಸಣ್ಣಸಣ್ಣದೆಲ್ಲ ನಿನ್ನ ಕಣ್ಣಿಗೇ ಬೀಳೋದು. ನೀನೇ ಬರ್ದುಬಿಡು, ಎರಡು ಸಾಲು ಸಾಕು," ಎಂದು ಲ್ಯಾಪ್‌ಟಾಪನ್ನು ನನ್ನ ಮುಂದೆ ತಳ್ಳಿ ಸೌಮ್ಯ ಸ್ನಾನಕ್ಕೆ ಹೋದಳು.

ಚಿತ್ರದಲ್ಲಿ ಒಬ್ಬ ಹೆಂಗಸು ಬಸ್ ಸ್ಟಾಪಿನಲ್ಲಿ ಚೀಲ ಹಿಡಿದು ನಿಂತಿದ್ದಳು. ಅಷ್ಟೇ. ಸೌಮ್ಯ ಸ್ನಾನ ಮುಗಿಸಿ, ತಲೆ ಒರೆಸಿಕೊಂಡು, ಕಾಫಿಗೆ ನೀರಿಟ್ಟು ಬಂದು ನೋಡಿದಾಗಲೂ ಚೌಕ ಖಾಲಿಯಾಗಿಯೇ ಇತ್ತು. "ಇಷ್ಟಕ್ಕೆ ಇಷ್ಟೊತ್ತಾ?" ಎಂದಳು. ಅವಳಿಗೆ ಏನೆಂದು ಹೇಳಲಿ? ನಿಮಗಾದರೆ ಹೇಳಬಹುದು. ನಿಮಗೆ ಪಾಠ ಮುಗಿಸುವ ಅವಸರ ಇಲ್ಲವಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊಸೂರಿನ ಲಾರಿ ಕಾರ್ಖಾನೆಯಲ್ಲಿ ನಮ್ಮ ಯಜಮಾನರಿಗೆ ಕೆಲಸ ಸಿಕ್ಕಿ ನಾವು ಊರಂಚಿನ ಆಲಸನತ್ತಂಗೆ ಬಂದೆವು. ಈಗ ಅಲ್ಲಿ ಮನೆಗಳ ನಡುವೆ ಗಾಳಿಗೂ ದಾರಿಯಿಲ್ಲ. ಆಗ ನಮ್ಮ ಬೀದಿ ಮುಗಿದಲ್ಲಿ ರಾಗಿ ಹೊಲ ಶುರು. ಒಂದೇ ಮನೆಯನ್ನು ಎರಡು ಪೋರ್ಷನ್ ಮಾಡಿದ್ದರು. ಹಿತ್ತಿಲು ಒಂದು, ಒಗೆಯುವ ಕಲ್ಲು ಒಂದು, ನಡುವೆ ಗೋಡೆಯೂ ಒಂದೇ. ಆಚೆ ಕಡೆಯ ಪೋರ್ಷನ್ನಿನಲ್ಲಿ ನಾಗರತ್ನ ಟೀಚರ್ ಇದ್ದರು. ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಗುಮ್ಮಳಾಪುರದ ಕಡೆ ಒಂದು ಸರ್ಕಾರಿ ಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುವರು.

ಅವರನ್ನು ಕಂಡಾಗ ನನಗೆ ಮೊದಲು ಆದದ್ದು ಗಲಿಬಿಲಿ. ಮಾತನಾಡುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದರು. ನಾನು ಕೆ.ಜಿ.ಎಫ್.ನ ಕಾನ್ವೆಂಟಿನಲ್ಲಿ ಓದಿದವಳು. ಎದುರಿನವರ ಕಣ್ಣು ನೋಡಿ ಮಾತಾಡಬೇಕೆಂದು ಸಿಸ್ಟರ್‌ಗಳು ಬೆತ್ತ ಹಿಡಿದು ಕಲಿಸಿದ್ದರು. ಇವರೇಕೆ ಹೀಗೆ ಎಂದು ಎರಡು ದಿನ ಯೋಚಿಸಿ, ನನ್ನ ಬಿಳಿ ಕಲ್ಲಿನ ಓಲೆ ಅವರಿಗೆ ಇಷ್ಟವಾಗಿರಬೇಕೆಂದು ತೀರ್ಮಾನಿಸಿದೆ. ತೀರ್ಮಾನಿಸಿದ್ದಷ್ಟೇ ಅಲ್ಲ, ಅವರು ಸ್ಕೂಲಿನಿಂದ ಬರುವ ಹೊತ್ತಿಗೆ ಸರಿಯಾಗಿ ಓಲೆಯನ್ನು ಸೀಗೆಪುಡಿಯಲ್ಲಿ ಉಜ್ಜಿ ಹಾಕಿಕೊಂಡು ಹಿತ್ತಿಲಲ್ಲಿ ಓಡಾಡುತ್ತಿದ್ದೆ. ಇಪ್ಪತ್ತೆರಡು ವರ್ಷದವಳಿಗೆ ಅಷ್ಟು ಬುದ್ಧಿಯಾದರೂ ಇತ್ತಲ್ಲ ಎಂದುಕೊಳ್ಳಿ.

ಇನ್ನೂ ಅರ್ಥವಾಗದ ಸಂಗತಿಗಳಿದ್ದವು. ಹಿತ್ತಿಲ ಕೆಸರನ್ನು ಅವರು ನನಗಿಂತ ನಾಜೂಕಾಗಿ ದಾಟುವರು. ಆದರೆ ಸೂಜಿಗೆ ದಾರ ಪೋಣಿಸಲು ನನ್ನ ಹತ್ತಿರ ಬರುವರು. ದೂರದಿಂದಲೇ "ಯಾವಾಗ ಬಂದ್ಲಮ್ಮ ನಿಮ್ಮವ್ವ?" ಎಂದು ನನ್ನ ಅಮ್ಮನನ್ನು ನಡಿಗೆಯಲ್ಲೇ ಗುರುತಿಸುವರು. ಆದರೆ ನನಗೇ ಬಂದ ಕಾಗದವನ್ನು "ಇದ್ಯಾರ್ದೋ ನೋಡು" ಎಂದು ನನ್ನ ಕೈಗೇ ಕೊಡುವರು.

ಒಂದು ಸಂಜೆ ಅವರು ಹೊಸ ವಾಸನೆಯ ಪುಸ್ತಕವೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಏಳನೇ ತರಗತಿಯ ಸಮಾಜ ಪಾಠ. "ಕನ್ನಡಕ ಮುರಿದೋಗೈತೆ ಕಣಮ್ಮಿ. ಎರಡು ಹಾಳೆ ಓದ್ಬುಡ್ತೀಯಾ?"

ಅವರ ಮೂಗಿನ ಮೇಲೆ ಕನ್ನಡಕವನ್ನು ನಾನು ಯಾವತ್ತೂ ಕಂಡಿರಲಿಲ್ಲ. ಆದರೂ ಓದಿದೆ. ಓದಿದೆ ಎನ್ನುವುದು ದೊಡ್ಡ ಮಾತು. ಕಾನ್ವೆಂಟಿನಲ್ಲಿ ಕನ್ನಡ ನಮಗೆ ವಾರಕ್ಕೆ ಮೂರು ದಿನದ ನೆಂಟ. ಕಲ್ಲು ಹಾಸಿನ ಮೇಲೆ ಬರಿಗಾಲಲ್ಲಿ ನಡೆದ ಹಾಗೆ ಒಂದೊಂದು ಪದದ ಮೇಲೂ ಕಾಲಿಟ್ಟು ನೋಡಿ ಓದಿದೆ. ಟೀಚರ್ ಕಣ್ಣು ಮುಚ್ಚಿ ಕೇಳಿದರು. ಎರಡು ಹಾಳೆ ಮುಗಿದ ಮೇಲೆ, ನಾನು ತೊದಲಿದ ಜಾಗಗಳನ್ನೂ ತಿದ್ದಿಕೊಂಡು, ಮೊದಲಿಂದ ಕೊನೆತನಕ ಬಾಯಲ್ಲಿ ಒಪ್ಪಿಸಿಬಿಟ್ಟರು. ನನಗೆ ಗಾಬರಿಯಾಯಿತು.

ಕನ್ನಡಕ ಎರಡು ವಾರವಾದರೂ ರಿಪೇರಿಯಾಗಿ ಬರಲಿಲ್ಲ. "ಯಾವ ಅಂಗಡೀಲಿ ಕೊಟ್ಟಿದೀರಾ ಟೀಚರ್? ಇವರು ಆ ಕಡೆ ಹೋದಾಗ ತರ್ತಾರೆ," ಎಂದೆ. ಅವರು ಒಗೆಯುವ ಕಲ್ಲಿನ ಮೇಲೆ ಕುಳಿತರು.

"ಕನ್ನಡಕ ಇಲ್ಲ ಕಣಮ್ಮಿ. ಹಾಕ್ಕಂಡ್ರೂ ಆಗಾದಲ್ಲ ಅಂತ ಡಾಕ್ಟ್ರು ಹೇಳ್ಬುಟ್ಟವ್ರೆ. ನಟ್ಟನಡುವೆ ಏನೂ ಇಲ್ಲ, ಬರೀ ಮಬ್ಬು. ಸುತ್ತ ಐತೆ. ನಿನ್ನ ಕಿವಿ ಕಡೆ ತಿರುಗಿದ್ರೆ ನಿನ್ನ ಮೊಕ ಅಂಚಿನಾಗೆ ಒಸಿ ಸಿಗ್ತದೆ."

ನನ್ನ ಓಲೆಯ ವಿಚಾರ ಅಲ್ಲಿಗೆ ಮುಗಿಯಿತು.

ಹದಿನೈದು ವರ್ಷ ಅದೇ ಪುಸ್ತಕಗಳನ್ನು ಪಾಠ ಮಾಡಿ ಅವರಿಗೆ ಎಲ್ಲವೂ ಬಾಯಿಗೆ ಬಂದಿತ್ತು. ಪುಸ್ತಕ ಬಿಡಿಸಿ ಹಿಡಿದು, ಹೊತ್ತಿಗೆ ಸರಿಯಾಗಿ ಹಾಳೆ ತಿರುವಿ, ಓದಿದಂತೆ ಹೇಳುತ್ತಿದ್ದರು. ಬೋರ್ಡಿನ ಮೇಲೆ ಕೈ ಅಭ್ಯಾಸದಿಂದಲೇ ಬರೆಯುತ್ತಿತ್ತು. ನೋಟ್‌ಬುಕ್ ತಿದ್ದುವ ಬದಲು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು. ಯಾರಿಗೂ ಗೊತ್ತಾಗಿರಲಿಲ್ಲ. ಆ ವರ್ಷ ಪುಸ್ತಕಗಳೇ ಬದಲಾಗಿಬಿಟ್ಟವು.

"ಗೊತ್ತಾದ್ರೆ ಮನೆಗೆ ಕಳಿಸ್ಬುಡ್ತಾರೆ," ಎಂದರು. "ಆಮೇಕೆ ನಾನು ಅಕ್ಕನ ಮನೆ ಜಗಲಿ ಮೇಲೆ ಕುಂತ್ಕಂಡು, ಯಾರು ಬಂದ್ರು ಯಾರು ಹೋದ್ರು ಅಂತ ಕೇಳ್ಕಂಡು ಇರ್ಬೇಕು. ಪಾಠ ಮಾಡಾದು ಬುಟ್ರೆ ನಂಗೆ ಇನ್ನೇನೂ ಬರಾಕಿಲ್ಲ."

ನಮ್ಮ ಮನೆಯಲ್ಲಿ ಒಂದು ಟೂ-ಇನ್-ಒನ್ ಇತ್ತು, ರೇಡಿಯೋ ಟೇಪ್‌ರೆಕಾರ್ಡರ್ ಎರಡೂ ಸೇರಿದ್ದು. ಯಜಮಾನರು ಹಳೆಯ ಹಾಡು ಕೇಳುವುದಕ್ಕೆಂದು ಇಟ್ಟುಕೊಂಡಿದ್ದು. ಅವರು ಶಿಫ್ಟಿಗೆ ಹೋದ ಮೇಲೆ ಮಧ್ಯಾಹ್ನ ನಾನು ಅದರ ಮುಂದೆ ಕುಳಿತು ಪಾಠ ಓದಿ ಕ್ಯಾಸೆಟ್ ತುಂಬಿಸುವುದು, ಟೀಚರ್ ಸಂಜೆ ಅದನ್ನು ತಮ್ಮ ಪೋರ್ಷನ್ನಿಗೆ ಒಯ್ದು ಕೇಳಿ ಬಾಯಿಪಾಠ ಮಾಡುವುದು ಎಂದಾಯಿತು. ಯಜಮಾನರು ತಮ್ಮ ಹಾಡಿನ ಮೇಲೆ ಪಂಚಾಯಿತಿ ರಾಜ್ಯದ ಪಾಠ ಕೂತಿರುವುದನ್ನು ಒಂದು ದಿನ ಕಂಡುಹಿಡಿದು, "ಏನೇ ಇದು, ಆಲಸನತ್ತಂ ರೇಡಿಯೋ ಸ್ಟೇಷನ್ನಾ? ಕೃಷಿ ವಾರ್ತೆ ಎಷ್ಟೊತ್ತಿಗೆ?" ಎಂದರು. ಕಾರಣ ಹೇಳಿದೆ. ಅವರು ಮರುದಿನ ಎರಡು ಖಾಲಿ ಕ್ಯಾಸೆಟ್ ತಂದು ಮೇಜಿನ ಮೇಲಿಟ್ಟು ಶಿಫ್ಟಿಗೆ ಹೋದರು.

ಆ ಕ್ಯಾಸೆಟ್ಟುಗಳಲ್ಲಿ ಪಾಠದ ಜೊತೆ ನಮ್ಮ ಸಂಸಾರವೂ ತುಂಬಿಕೊಂಡಿತ್ತು. ಕುಕ್ಕರಿನ ಕೂಗು, ಕಾರ್ಖಾನೆಯ ಸೈರನ್ನು, "ಕೀರೆ, ಕೀರೇ" ಎಂದು ತಮಿಳಿನಲ್ಲಿ ಸೊಪ್ಪು ಮಾರುವವಳ ದನಿ. ಟೀಚರ್ ಇದನ್ನೆಲ್ಲ ಸೇರಿಸಿಯೇ ಬಾಯಿಪಾಠ ಮಾಡುತ್ತಿದ್ದರು. "ನಿನ್ನ ಕುಕ್ಕರು ಎರಡು ಸಲ ಕೂಗಿದ ಮ್ಯಾಕೆ ನದಿಗಳು. ಸೊಪ್ಪಿನೋಳು ಬಂದ ಮ್ಯಾಕೆ ಬೆಟ್ಟಗಳು," ಎಂದು ಲೆಕ್ಕ ಒಪ್ಪಿಸಿ ನಗುತ್ತಿದ್ದರು. ಕ್ಲಾಸಿನಲ್ಲೂ ಆ ಜಾಗ ಬಂದಾಗ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದರಂತೆ. ಆ ಮಕ್ಕಳು ಇವತ್ತಿಗೂ ನದಿಗಳನ್ನು ಹೇಳುವ ಮುಂಚೆ ಉಸಿರು ಹಿಡಿದು ನಿಲ್ಲುತ್ತಾರೋ ಏನೋ.

ಒಂದು ತಿಂಗಳಾದ ಮೇಲೆ ಟೀಚರ್ ಕೇಳಿದರು. "ನಡುನಡುವೆ ಹಾಳೆ ತಿರುವೋ ಸದ್ದು ಬೇಗ ಬತ್ತದೆ. ನೀನು ಏನೋ ಬುಟ್ಟು ಓದ್ತಿದೀಯ."

"ಇಲ್ಲ ಟೀಚರ್, ಅಲ್ಲಿ ಬರೀ ಚಿತ್ರ."

"ಮಕ್ಳು ಮೊದ್ಲು ನೋಡಾದೇ ಅದ್ನ ಕಣಮ್ಮಿ. ಅದ್ರಾಗೆ ಏನೈತೆ ಅಂತಾನೂ ಹೇಳು."

ಇಲ್ಲಿಂದ ಮುಂದಿನದಕ್ಕೆ ನಾನು ಕಾನ್ವೆಂಟಿನ ಮೇಲೆ ಸ್ವಲ್ಪ ತಪ್ಪು ಹೊರಿಸಿದರೆ ನೀವು ಕ್ಷಮಿಸಬೇಕು. ಇಂಗ್ಲಿಷ್ ಪರೀಕ್ಷೆಯಲ್ಲಿ ನಮಗೆ ಒಂದು ಚಿತ್ರ ಕೊಟ್ಟು ಹತ್ತು ವಾಕ್ಯ ಬರೆಸುತ್ತಿದ್ದರು. ಬಣ್ಣ ಬರೆಯದಿದ್ದರೆ ಸಿಸ್ಟರ್ ಅರ್ಧ ಅಂಕ ಕಳೆಯುತ್ತಿದ್ದರು. ಪ್ರಶ್ನೆಪತ್ರಿಕೆಯ ಚಿತ್ರಕ್ಕೆ ಬಣ್ಣವೇ ಇರುತ್ತಿರಲಿಲ್ಲ, ಬರೀ ಕಪ್ಪು ಗೆರೆ. ಆದರೂ ಹುಡುಗಿಯ ಲಂಗ ನೀಲಿ, ನಾಯಿ ಕಂದು, ಆಕಾಶ ಶುಭ್ರ ಎಂದು ಬರೆದವರಿಗೇ ಪೂರ್ತಿ ಅಂಕ. ಹತ್ತು ವರ್ಷ ಹಾಗೆ ಬರೆದವಳು ನಾನು. ಚಿತ್ರ ಕಂಡ ಕೂಡಲೇ ಬಣ್ಣ ಬಳಿಯುವುದು ನನಗೆ ಸುಳ್ಳು ಹೇಳಿದ ಹಾಗೆ ಅನ್ನಿಸುತ್ತಲೇ ಇರಲಿಲ್ಲ. ಅಚ್ಚುಕಟ್ಟು ಅನ್ನಿಸುತ್ತಿತ್ತು.

ಪುಸ್ತಕದಲ್ಲಿ ಒಂದು ಸಂತೆಯ ಚಿತ್ರವಿತ್ತು. ಕಳಪೆ ಮಸಿಯಲ್ಲಿ ಅಚ್ಚಾದ, ನೋಡಿದರೆ ಬೂದಿ ಚೆಲ್ಲಿದಂತಿದ್ದ ಚಿತ್ರ. ನಾನು ಕ್ಯಾಸೆಟ್ಟಿಗೆ ಹೇಳಿದೆ: "ಕೆಂಪು ಅಂಚಿನ ಹಸಿರು ಸೀರೆ ಉಟ್ಟ ಹೆಂಗಸು ತಕ್ಕಡಿ ಹಿಡಿದಿದ್ದಾಳೆ. ಅವಳ ಪಕ್ಕ ಹಳದಿ ರುಮಾಲಿನ ಮುದುಕ." ಆ ಸೀರೆ ನನ್ನ ಅಮ್ಮನದು. ರುಮಾಲು ಎಲ್ಲಿಂದ ಬಂತೋ ನೆನಪಿಲ್ಲ. ನಾನು ಬೂದು ಎಂದು ಹೇಳಿದರೆ ಟೀಚರಿಗೆ ಬೇಸರವಾಗುತ್ತದೆ, ಅಷ್ಟಾದರೂ ಬಣ್ಣ ಅವರ ಪಾಲಿಗೆ ಇರಲಿ ಎಂದೂ ಅಂದುಕೊಂಡಿರಬೇಕು.

ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ಅವರು ಸ್ಕೂಲಿನಿಂದ ಬಂದವರು ತಮ್ಮ ಬಾಗಿಲ ಬೀಗ ತೆಗೆಯದೆ ನೇರ ಹಿತ್ತಿಲಿಗೆ ಬಂದರು. ಒಗೆಯುವ ಕಲ್ಲಿನ ಮೇಲೆ ಕುಳಿತು ನನ್ನ ಕಿವಿಯ ಕಡೆ ತಿರುಗಿದರು.

"ಆ ಸಂತೆ ಚಿತ್ರಕ್ಕೆ ಬಣ್ಣ ಇರ್ನಿಲ್ವಾ?"

"ಇರಲಿಲ್ಲ ಟೀಚರ್."

ಆಗ ಹೇಳಿದರು. ಹಿಂದಿನ ದಿನ ಅವರು ಕ್ಲಾಸಿನಲ್ಲಿ "ಹಸುರು ಸೀರೆ ಹೆಂಗಸು ಏನು ಮಾಡ್ತಾವ್ಳೆ, ನೋಡಿ ಹೇಳಿ" ಎಂದು ಕೇಳಿದ್ದರು. ಕ್ಲಾಸು ಒಂದು ಗಳಿಗೆ ಸುಮ್ಮನಾಯಿತಂತೆ. ಆಮೇಲೆ ಎಲ್ಲರೂ ಒಟ್ಟಿಗೆ "ತೂಗ್ತಾವ್ಳೆ ಟೀಚರ್" ಎಂದರಂತೆ. ಮಕ್ಕಳು ಅಂದು ಸಂಜೆ ಅವರೆಗಿಡದ ಎಲೆ ಉಜ್ಜಿ ಸೀರೆಗೆ ಹಸಿರು ಬಳಿದರು, ಅಂಚಿಗೆ ಕುಂಕುಮ, ಮುದುಕನ ರುಮಾಲಿಗೆ ಅರಿಶಿನ. ಕ್ಲಾಸಿನಲ್ಲಿದ್ದ ಎಲ್ಲ ಪುಸ್ತಕಗಳಿಗೂ. ವರ್ಷದ ಕೊನೆಗೆ ಸ್ಕೂಲಿಗೆ ವಾಪಸು ಕೊಡಬೇಕಾದ ಹೊಚ್ಚ ಹೊಸ ಪುಸ್ತಕಗಳು ಅವು. ಮರುದಿನ ಹೆಡ್‌ಮಾಸ್ಟರ ಕಣ್ಣಿಗೆ ಬಿತ್ತು. ಅವರಿಗೆ ಸಿಟ್ಟು ಬಂದರೆ ಕನ್ನಡ ಮರೆತು ತಮಿಳು ಬರುತ್ತಿತ್ತು. "ಯಾರು ಪಣ್ಣಿನದು ಇದು?" ಎಂದು ಕೇಳುತ್ತ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೆತ್ತ ತರಿಸಿದರು. ಮಾಡಿದ್ದು ಯಾರು ಎಂದು ಯಾರೂ ಬಾಯಿ ಬಿಡಲಿಲ್ಲ. ಕಡೆಗೆ ಮುಂದೆ ನಿಂತಿದ್ದ ಹುಡುಗಿ ಹೇಳಿತು: "ಟೀಚರು ಹಸುರು ಅಂದ್ರು ಸಾ. ನಮ್ ಬುಕ್ಕಾಗೆ ಇರ್ನಿಲ್ಲ. ಅದ್ಕೇ ಹಾಕ್ಕಂಡ್ವಿ."

"ನಂಗೆ ಕಾಣಾಕಿಲ್ಲ ಅಂತ ಅವ್ಕೆ ಗೊತ್ತಿತ್ತೋ," ಎಂದರು ಟೀಚರ್, "ಇಲ್ಲ ಟೀಚರ್ ಬುಕ್ಕು ಚೆಂದಾಗೈತೆ, ನಮ್ದೇ ಸರಿಯಿಲ್ಲ ಅಂದ್ಕಂಡ್ವೋ. ಬರೋವಾಗ ಬಸ್ಸಾಗೆಲ್ಲ ಅದೇ ಯೋಚ್ನೆ ಮಾಡ್ದೆ. ಗೊತ್ತಾಗ್ನಿಲ್ಲ."

"ಆಮೇಲೆ ಏನಾಯ್ತು ಟೀಚರ್?"

"ಇನ್ನೇನಾಯ್ತದೆ? ಬೆತ್ತ ಎತ್ತಿದ್ರು. ಹೊಡೀಬ್ಯಾಡಿ ಸಾರ್, ಅವ್ರದ್ದು ತಪ್ಪಿಲ್ಲ, ನಂಗೆ ಬುಕ್ಕು ಕಾಣಾಕಿಲ್ಲ ಅಂತ ಹೇಳ್ಬುಟ್ಟೆ. ಎಲ್ರ ಮುಂದೆ."

ನಾನು ಅಳಲು ಶುರು ಮಾಡಿದೆ. ಅವರು ಅಳಲಿಲ್ಲ. ನಾನು ಮೂಗು ಒರೆಸಿಕೊಂಡ ಮೇಲೆ ಕೇಳಿದರು. "ಯಾಕಮ್ಮಿ ಬಣ್ಣ ಹಾಕ್ದೆ?"

"ಚೆನ್ನಾಗಿರಲಿ ಅಂತ."

"ಅದ್ರಾಗೆ ಏನೈತೆ ಅಂತ ನಾನು ಕೇಳಿದ್ದು. ಏನಿದ್ರೆ ಚೆಂದ ಅಂತ ಅಲ್ಲ."

ಬೈದಿದ್ದರೆ ವಾಸಿಯಾಗಿತ್ತು. ಅವರು ಲೋಟ ಕೇಳಿ ನೀರು ಕುಡಿದು ಎದ್ದು ಹೋದರು. ಆ ಸಂಜೆ ಗೋಡೆಯಾಚೆ ಕ್ಯಾಸೆಟ್ಟಿನ ಸದ್ದು ಕೇಳಲಿಲ್ಲ.

ಹೆಡ್‌ಮಾಸ್ಟರು ಕೆಟ್ಟವರಲ್ಲ. ಮೇಲಿನವರಿಗೆ ಬರೆಯುವ ಮುಂಚೆ ಕೃಷ್ಣಗಿರಿಯ ಕಣ್ಣಿನ ಡಾಕ್ಟರ ಹತ್ತಿರ ತೋರಿಸಿ ಸರ್ಟಿಫಿಕೇಟು ತನ್ನಿ, ಕಣ್ಣು ನೆಟ್ಟಗಿದೆ ಎಂದು ಅವರು ಬರೆದುಕೊಟ್ಟರೆ ನಾನು ಏನೂ ಕೇಳಲಿಲ್ಲ ಎಂದುಕೊಳ್ಳುತ್ತೇನೆ ಎಂದರಂತೆ. ಟೀಚರ್ ಜೊತೆಗೆ ನಾನೇ ಹೋದೆ. ಕರೆದರೆಂದು ಹೋದೆನೋ, ತಪ್ಪಿಗೆಂದು ಹೋದೆನೋ, ಈಗ ಬೇರ್ಪಡಿಸಲು ಬರುವುದಿಲ್ಲ. ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತು, ಹೊರಗೆ ಏನು ಬಂತು ಎಂದು ನನ್ನನ್ನು ಒಂದು ಸಲವೂ ಕೇಳಲಿಲ್ಲ.

ಡಾಕ್ಟರ ಕೋಣೆಯ ಬಾಗಿಲು ತೆರೆದೇ ಇತ್ತು. ಗೋಡೆಯ ಮೇಲೆ ತಮಿಳು ಅಕ್ಷರಗಳ ಪಟ್ಟಿ, ಮೇಲೆ ದೊಡ್ಡವು, ಕೆಳಗೆ ಕೆಳಗೆ ಸಣ್ಣವು. ನಮಗಿಂತ ಮುಂದೆ ಏಳೆಂಟು ಜನ. ಒಬ್ಬೊಬ್ಬರೂ ಒಳಗೆ ಹೋಗಿ ಅದೇ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ನನ್ನ ಪಕ್ಕದ ಬೆಂಚಿನಲ್ಲಿ ಟೀಚರ್ ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಮೆಲ್ಲಗೆ ಅಲುಗುತ್ತಿತ್ತು. ನನಗೆ ಆಗ ಹೊಳೆಯಿತು. ಇವರು ಗೆದ್ದರು, ನನ್ನ ತಪ್ಪು ತೊಳೆದುಹೋಯಿತು ಎಂದುಕೊಂಡೆ. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನೂ ಅಮ್ಮನ ಮನೆದೇವರನ್ನೂ ಒಟ್ಟಿಗೇ ನೆನೆದೆ.

ಅವರ ಸರದಿ ಬಂತು. ಕುರ್ಚಿಯಲ್ಲಿ ಕೂರಿಸಿ ಒಂದು ಕಣ್ಣು ಮುಚ್ಚಿ ಡಾಕ್ಟರು "ಪಡಿಂಗಮ್ಮಾ" ಎಂದರು. ಓದಿ ಎಂದು. ಟೀಚರ್ ಸುಮ್ಮನೆ ಕೂತರು. ಡಾಕ್ಟರು ಇನ್ನೊಮ್ಮೆ ಹೇಳಿದರು.

"ತೆರಿಯಲೆ ಸಾರ್," ಎಂದರು ಟೀಚರ್. ಕಾಣುವುದಿಲ್ಲ.

ವಾಪಸು ಬರುವಾಗ ಸೂಳಗಿರಿ ದಾಟಿದ ಮೇಲೆ ತಡೆಯಲಾಗದೆ, "ಟೀಚರ್, ನಿಮಗೆ ಆ ಪಟ್ಟಿ ಬಾಯಿಗೆ ಬಂದಿತ್ತಲ್ವಾ?" ಎಂದೆ. ಅವರು ಪಟ್ಟಿಯನ್ನು ಮೇಲಿಂದ ಕೆಳತನಕ, ಕಟ್ಟಕಡೆಯ ಇರುವೆಯಂಥ ಸಾಲಿನವರೆಗೂ ಒಪ್ಪಿಸಿದರು. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳ್ಬೋದಾಗಿತ್ತು," ಎಂದರು. "ಆ ಮಕ್ಳು ಬೆತ್ತದ ಮುಂದೆ ಕೈ ಚಾಚ್ಕಂಡು ನಿಂತವಲ್ಲ, ಅದು ಅಂಚಿನಾಗೆ ಕಾಣಿಸ್ತು ಕಣಮ್ಮಿ. ಅಷ್ಟೂ ಕೈ." ನಾನು ಕೇಳಿದ್ದಕ್ಕೆ ಇದು ಉತ್ತರವೇ ಎಂದು ಅಂದು ತಿಳಿಯಲಿಲ್ಲ.

ಕೆಲಸ ಹೋಯಿತು. ಟೀಚರ್ ಪೋರ್ಷನ್ ಖಾಲಿ ಮಾಡಿ ಗುಮ್ಮಳಾಪುರದ ಅಕ್ಕನ ಮನೆಗೆ ಹೋದರು. ಅವರು ಹೆದರಿದ್ದ ಅದೇ ಜಗಲಿ. ಎರಡು ವರ್ಷದ ನಂತರ ನಾನು ನೋಡಲು ಹೋದಾಗ ಆ ಜಗಲಿಯ ತುಂಬ ಮಕ್ಕಳಿದ್ದರು. ಸಂಜೆ ಪಾಠಕ್ಕೆ ಬರುತ್ತಿದ್ದರಂತೆ. ಓದುವುದು ಮಕ್ಕಳು, ಕೇಳುವುದು ಟೀಚರು. ಒಂದು ಮಗು ಚಿತ್ರ ನೋಡಿ "ಕೆಂಪು ಹಸ ಟೀಚರ್" ಎಂದಿತು. "ಕೆಂಪು ಅಂತ ಬುಕ್ಕು ಹೇಳ್ತದೋ, ನೀನು ಹೇಳ್ತಿದೀಯೋ?" ಎಂದರು ಟೀಚರ್. ಮಗು ಪುಸ್ತಕವನ್ನು ಮೂಗಿಗೆ ಹಿಡಿದು ನೋಡಿ, "ನಾನು," ಎಂದು ಒಪ್ಪಿಕೊಂಡಿತು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಾಲಿನ ಹೆಬ್ಬೆರಳು ನೋಡಿಕೊಂಡು ನಕ್ಕೆ.

ಅವರು ನನ್ನನ್ನು ಕ್ಷಮಿಸಿದ್ದರೇ ಎಂದು ನಾನು ಕೇಳಲಿಲ್ಲ. ಊಟ ಹಾಕಿದರು, ಅಕ್ಕನಿಗೆ "ನನ್ ರೇಡಿಯೋ ಇವ್ಳೇಯ" ಎಂದು ಪರಿಚಯ ಮಾಡಿಕೊಟ್ಟರು. "ನೀನು ಹಸಿರು ಅನ್ನದಿದ್ರೆ ಇನ್ನೊಂದು ದಿನ ಇನ್ನೊಂದು ಆಗ್ತಿತ್ತು ಬಿಡು," ಎಂದು ಯಜಮಾನರು ಎಷ್ಟೋ ಸಲ ಹೇಳಿದರು. ಇರಬಹುದು. ನಾನು ಟೀಚರ ಕೆಲಸ ಕಳೆದೆನೋ, ಹೊತ್ತು ತಿರುಗುತ್ತಿದ್ದ ಒಂದು ಭಾರ ಇಳಿಸಿದೆನೋ, ಎರಡೂ ಒಂದೇ ಕೈಯಿಂದ ಆಯಿತೋ. ನಲವತ್ತು ವರ್ಷ ತಿರುಗಿಸಿ ನೋಡಿದರೂ ನನಗೆ ಸರಿಯಾಗಿ ಕೂರುವುದಿಲ್ಲ.

ಇಷ್ಟನ್ನೂ ಸೌಮ್ಯಳಿಗೆ ಹೇಳಲಿಲ್ಲ. "ಈ ಪಾಠ ಕೇಳೋ ಮಗು ಯಾರು? ಅದರ ಹತ್ತಿರ ಮಾತಾಡಬೇಕು," ಎಂದೆ ಅಷ್ಟೇ.

"ದೊಡ್ಡಮ್ಮ, ಎರಡು ಸಾಲಿಗೆ ಯಾರಾದ್ರೂ ಫೋನ್ ಮಾಡ್ತಾರಾ?" ಎಂದು ಗೊಣಗಿದರೂ ಮಾಡಿಕೊಟ್ಟಳು. ಆ ಕಡೆ ಒಂದು ಹುಡುಗಿ, ಪವಿತ್ರ ಅಂತೆ, ಆರನೇ ತರಗತಿ. ಹಿಂದೆ ಕೋಳಿ ಕೂಗುತ್ತಿತ್ತು. ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು ಚೀಲ ಹಿಡಿದು ನಿಂತಿದ್ದಾಳೆ ಎಂದು ಹೇಳಿ, "ನಿನಗೆ ಇನ್ನೇನು ತಿಳೀಬೇಕು ಮಗಾ?" ಎಂದೆ.

ಹುಡುಗಿ ಯೋಚಿಸಿತು. "ಬಸ್ಸು ಬತ್ತಾ ಐತಾ ಅಜ್ಜಿ?"

ನಾನು ಕನ್ನಡಕ ಸರಿಮಾಡಿಕೊಂಡು ಚಿತ್ರಕ್ಕೆ ಬಗ್ಗಿದೆ. ಅಷ್ಟು ಹೊತ್ತು ನೋಡಿದ್ದರೂ ಇದನ್ನು ನೋಡಿರಲಿಲ್ಲ. ಹೆಂಗಸು ರಸ್ತೆಯ ಆ ಕಡೆ ಕತ್ತು ತಿರುಗಿಸಿದ್ದಾಳೆ. ಬರುವ ಬಸ್ಸನ್ನು ನೋಡುತ್ತಿದ್ದಾಳೋ, ತಪ್ಪಿಹೋದ ಬಸ್ಸನ್ನು ನೋಡುತ್ತಿದ್ದಾಳೋ. ಬರುತ್ತಿದೆ ಎಂದು ಹೇಳಲು ನನ್ನ ನಾಲಿಗೆ ತುದಿ ತುರಿಸುತ್ತಿತ್ತು.

"ಗೊತ್ತಾಗ್ತಿಲ್ಲ ಮಗಾ. ಅವಳು ಆ ಕಡೆ ನೋಡ್ತಿದಾಳೆ. ಚಿತ್ರ ಅಲ್ಲಿಗೇ ಮುಗಿದುಹೋಗಿದೆ."

"ಅಂಗಂತ್ಲೇ ಬರೀರಿ," ಎಂದಿತು ಹುಡುಗಿ. "ಮಿಕ್ಕಿದ್ದು ನಾನು ಅಂದ್ಕತೀನಿ."

ಹಾಗಂತಲೇ ಬರೆದೆ.